ಸರ್ಕಾರದ ದುಡ್ಡು, ಕಂಪನಿಯ ಕುಲುಮೆ: ಸಂಶೋಧನೆ ಮುಗಿದ ಮೇಲೆ ಮೀಟರ್ ರೀಡಿಂಗ್ ಯಾರ್ದು?

ಉಗಿಮನೆ
ಇಲ್ಲಿ ಫ್ಯಾಕ್ಟರಿ ಒಳಗೆ ಕೆಲಸ ಮಾಡೋರೂ ಇದ್ದೀರ, ಲ್ಯಾಬ್ ಕಡೆಯವ್ರೂ ಇದ್ದೀರ, ಅದಕ್ಕೇ ಈ ವಿಷಯ ಎತ್ತುತಾ ಇದೀನಿ. ಸರ್ಕಾರಿ ಸಂಶೋಧನಾ ಸಂಸ್ಥೆ ಅಥವಾ ಯೂನಿವರ್ಸಿಟಿ ಒಂದು ಕಡೆ, ಖಾಸಗಿ ಕಂಪನಿ ಇನ್ನೊಂದು ಕಡೆ, ಇಬ್ರೂ ಸೇರಿ ಕಾರ್ಖಾನೆಲಿ ಇಂಧನ ಉಳಿಸೋ ಪ್ರಾಜೆಕ್ಟ್ ಮಾಡ್ತಾರಲ್ಲ, ಅಂಥದ್ರಲ್ಲಿ ನಾನು ಕಂಪನಿ ಕಡೆಯಿಂದ ಕೂತಿದೀನಿ, ಬಾಯ್ಲರ್ ಮತ್ತೆ ಸ್ಟೀಮ್ ನನ್ನ ಜವಾಬ್ದಾರಿ. ಪ್ರಪಂಚದಲ್ಲಿ ಬಳಕೆಯಾಗೋ ಶಕ್ತಿಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೈಗಾರಿಕೆಗೇ ಹೋಗುತ್ತೆ, ಅದ್ರಲ್ಲೂ ಬಹುಪಾಲು ಶಾಖದ ರೂಪದಲ್ಲಿ, ಹಾಗಾಗಿ ಸರ್ಕಾರ ಇದಕ್ಕೆ ದುಡ್ಡು ಹಾಕೋದು ಸರಿ ಅಂತ್ಲೇ ನನ್ನ ನಂಬಿಕೆ. ಆದ್ರೆ ಪ್ರಾಜೆಕ್ಟ್ ಮುಗಿದ ಮೇಲೆ ಏನಾಗುತ್ತೆ? ಒಂದು ರಿಪೋರ್ಟ್ ಬರುತ್ತೆ, ಅದ್ರಲ್ಲಿ ಇಷ್ಟು ಪರ್ಸೆಂಟ್ ಉಳಿತಾಯ ಅಂತ ಒಂದೇ ಒಂದು ಸಂಖ್ಯೆ ಇರುತ್ತೆ. ಆ ಸಂಖ್ಯೆ ಹೇಗೆ ಬಂತು, ಯಾವ ಲೋಡಲ್ಲಿ ಅಳೆದ್ರು, ಎಷ್ಟು ತಿಂಗಳು ಅಳೆದ್ರು ಅನ್ನೋದೆಲ್ಲ ಎರಡೂ ಕಡೆಯವ್ರ ಫೈಲಲ್ಲೇ ಉಳಿದುಬಿಡುತ್ತೆ. ಇನ್ನೊಂದು ಕಾರ್ಖಾನೆಯವ್ರು ಅದೇ ಕೆಲಸಕ್ಕೆ ಕೈ ಹಾಕಿದ್ರೆ ಮತ್ತೆ ಸೊನ್ನೆಯಿಂದ ಶುರು.

ನನ್ನ ವಾದ ಇಷ್ಟೇ. ಪೇಟೆಂಟ್ ಕಂಪನಿ ಇಟ್ಕೊಳ್ಳಲಿ, ಡ್ರಾಯಿಂಗೂ ಇಟ್ಕೊಳ್ಳಲಿ. ಸಾರ್ವಜನಿಕ ದುಡ್ಡು ಬಿದ್ದ ಕಡೆ ಮುಂಚಿನ ಮತ್ತೆ ಆಮೇಲಿನ ಮೀಟರ್ ರೀಡಿಂಗ್ ಮಾತ್ರ ಎಲ್ರಿಗೂ ಸಿಗ್ಬೇಕು, ಅದನ್ನ ಅಗ್ರಿಮೆಂಟಿಗೆ ಸಹಿ ಹಾಕೋ ದಿನಾನೇ ಬರೆದಿಡ್ಬೇಕು. ಏನಂತೀರ?

ಲೆಕ್ಕ ಪಕ್ಕಾ
ಅದಕ್ಕೂ ಮುಂಚಿನ ಒಂದು ಪ್ರಶ್ನೆ ನನಗಿದೆ. ಇಂಧನ ಉಳಿದ್ರೆ ಲಾಭ ಕಂಪನಿಗೇ ತಾನೆ? ಬಿಲ್ ಕಮ್ಮಿ ಬರೋದು ಅವ್ರಿಗೆ. ಹಾಗಿದ್ಮೇಲೆ ಸರ್ಕಾರ ಯಾಕೆ ದುಡ್ಡು ಹಾಕ್ಬೇಕು? ಲಾಭ ಇರೋ ಕೆಲಸ ಆಗಿದ್ರೆ ಅವ್ರೇ ಮಾಡ್ತಿದ್ರು, ಮಾಡ್ತಿಲ್ಲ ಅಂದ್ರೆ ಅಷ್ಟು ಲಾಭ ಇಲ್ಲ ಅಂತ ಅರ್ಥ.

ಮೀಟರ್ ಓದುಗ
ಇದು ಪುಸ್ತಕದ ಲೆಕ್ಕ ಸರ್, ಫ್ಲೋರಲ್ಲಿ ನಡೆಯೋದೇ ಬೇರೆ. ಅಮೆರಿಕದಲ್ಲಿ 1976ರಲ್ಲಿ ಒಂದು ಕಾರ್ಯಕ್ರಮ ಶುರುವಾಯ್ತು, ಸರ್ಕಾರದ ದುಡ್ಡಲ್ಲಿ ಯೂನಿವರ್ಸಿಟಿಯ ಪ್ರೊಫೆಸರು, ವಿದ್ಯಾರ್ಥಿಗಳು ಸಣ್ಣ ಮಧ್ಯಮ ಕಾರ್ಖಾನೆಗೆ ಹೋಗಿ ಎನರ್ಜಿ ಆಡಿಟ್, ಅಂದ್ರೆ ಇಂಧನ ಎಲ್ಲಿ ಪೋಲಾಗ್ತಿದೆ ಅನ್ನೋ ತಪಾಸಣೆ, ಉಚಿತವಾಗಿ ಮಾಡಿ ಕೊಡ್ತಿದ್ರು, ಇಂಡಸ್ಟ್ರಿಯಲ್ ಅಸೆಸ್‌ಮೆಂಟ್ ಸೆಂಟರ್ ಅಂತ ಹೆಸ್ರು. ಅವ್ರು ಕೊಟ್ಟ ಸಲಹೆಗಳ ಮೇಲೆ 2004ರಲ್ಲಿ ಒಂದು ಅಧ್ಯಯನ ಬಂತು. ಸಲಹೆಗಳಲ್ಲಿ ಜಾರಿಗೆ ಬಂದದ್ದು ಹತ್ತಿರಹತ್ತಿರ ಅರ್ಧ ಅಷ್ಟೇ, ಅದೂ ಹೆಚ್ಚಾಗಿ ಹಾಕಿದ ದುಡ್ಡು ಒಂದು ಎರಡು ವರ್ಷದೊಳಗೆ ವಾಪಸ್ ಬರೋ ಹಾಗಿದ್ರೆ. ಇನ್ನೊಂದು ವಿಷಯಾನೂ ಅದ್ರಲ್ಲಿ ಕಂಡಿತ್ತು, ವರ್ಷಕ್ಕೆ ಎಷ್ಟು ಉಳಿಯುತ್ತೆ ಅನ್ನೋದಕ್ಕಿಂತ ಮೊದಲ ದಿನ ಕೈಯಿಂದ ಎಷ್ಟು ಹೋಗುತ್ತೆ ಅನ್ನೋದನ್ನೇ ಕಾರ್ಖಾನೆಗಳು ಜಾಸ್ತಿ ನೋಡ್ತವೆ. ಅಂದ್ರೆ ಮೂರು ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್ ಕೊಡೋ ಒಳ್ಳೊಳ್ಳೆ ಕೆಲಸಗಳು ಲಾಭ ಇದ್ರೂ ನಿಂತೇ ಹೋಗ್ತವೆ. ಗೊತ್ತಿರೋ ತಂತ್ರಜ್ಞಾನದ ಕಥೆನೇ ಹೀಗೆ. ಇನ್ನು ಹೊಸದಾಗಿ ಕಂಡುಹಿಡೀಬೇಕಾದದ್ದು, ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲದ್ದು, ಅದಕ್ಕೆ ಯಾವ ಫೈನಾನ್ಸ್ ಮ್ಯಾನೇಜರ್ ಸಹಿ ಹಾಕ್ತಾನೆ ಹೇಳಿ.

ಉಗಿಮನೆ ಅವ್ರು ಹೇಳಿದ್ದಕ್ಕೂ ಇಲ್ಲೇ ಉದಾಹರಣೆ ಇದೆ. ಆ ಆಡಿಟ್‌ಗಳ ಡೇಟಾಬೇಸನ್ನ ಯಾರು ಬೇಕಾದ್ರೂ ತೆಗೆದು ನೋಡ್ಬಹುದು. ಕಂಪನಿ ಹೆಸರಿಲ್ಲ, ಯಾವ ಬಗೆಯ ಉದ್ಯಮ, ಏನು ಸಲಹೆ, ಖರ್ಚೆಷ್ಟು, ಉಳಿತಾಯ ಎಷ್ಟು ಅಂದಾಜು, ಜಾರಿ ಆಯ್ತಾ ಇಲ್ವಾ, ಎಲ್ಲ ಇದೆ. ಆ 2004ರ ಅಧ್ಯಯನ ಸಾಧ್ಯ ಆಗಿದ್ದೇ ಡೇಟಾ ತೆರೆದಿಟ್ಟಿದ್ರಿಂದ.

ಲ್ಯಾಬ್ ಕಡೆಯವಳು
ನಾನು ಸಂಶೋಧನಾ ಸಂಸ್ಥೆ ಕಡೆಯಿಂದ ಮಾತಾಡ್ತೀನಿ. ಉಗಿಮನೆ, ನಿಮ್ಮ ಉದ್ದೇಶ ಒಪ್ತೀನಿ, ಆದ್ರೆ ಕಂಪನಿಗಳಿಗೆ ಇರೋ ಭಯ ಸುಳ್ಳಲ್ಲ. ಗಂಟೆಗಂಟೆಯ ಮೀಟರ್ ರೀಡಿಂಗ್ ಇಟ್ಕೊಂಡು ಬುದ್ಧಿವಂತ ಸ್ಪರ್ಧಿ ಒಬ್ಬ ನಿಮ್ಮ ಲೈನ್ ಯಾವಾಗ ನಿಂತಿತ್ತು, ದಿನಕ್ಕೆ ಎಷ್ಟು ಟನ್ ಬರ್ತಿದೆ, ಯಾವ ಪ್ರಾಡಕ್ಟ್ ಓಡ್ತಿದೆ ಅಂತ ಲೆಕ್ಕ ಹಾಕಿಬಿಡ್ಬಹುದು. ಟನ್ನಿಗೆ ಎಷ್ಟು ಇಂಧನ ಅಂತ ಗೊತ್ತಾದ್ರೆ ಉತ್ಪಾದನೆ ವೆಚ್ಚದ ಅರ್ಧ ಗುಟ್ಟು ಬಯಲಾದ ಹಾಗೇನೇ, ಅದ್ರಲ್ಲೂ ಗಾಜು, ಸಿಮೆಂಟ್, ಅಲ್ಯೂಮಿನಿಯಂ ಥರದ ಕಡೆ. ಹಾಗಾಗಿ ಹಸಿ ಡೇಟಾ ಎಲ್ಲ ಕೊಡಿ ಅಂದ್ರೆ ಯಾವ ಕಂಪನಿಯೂ ಮುಂದೆ ಬರಲ್ಲ, ಪ್ರಾಜೆಕ್ಟೇ ಹುಟ್ಟಲ್ಲ.

ದುಡ್ಡು ಹಂಚ್ಕೊಳ್ಳೋ ರೀತಿನೂ ಒಂದೇ ಥರ ಇಲ್ಲ. ಅಮೆರಿಕದಲ್ಲಿ 2005ರ ಇಂಧನ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಸಂಶೋಧನೆ ಹಂತದಲ್ಲಿ ಖಾಸಗಿ ಪಾಲು ಕನಿಷ್ಠ 20 ಪರ್ಸೆಂಟ್, ಡೆಮಾನ್‌ಸ್ಟ್ರೇಷನ್ ಹಂತಕ್ಕೆ, ಅಂದ್ರೆ ನಿಜವಾದ ಪ್ಲಾಂಟಲ್ಲಿ ಓಡಿಸಿ ತೋರ್ಸೋ ಹಂತಕ್ಕೆ ಬಂದ್ರೆ 50 ಪರ್ಸೆಂಟ್. ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಗೆ ಸರ್ಕಾರದ ನೇರ ಅನುದಾನ ಬರೋದು ಸುಮಾರು ಮೂರನೇ ಒಂದು ಭಾಗ, ಉಳಿದದ್ದನ್ನ ಗುತ್ತಿಗೆ ಸಂಶೋಧನೆಯಿಂದ್ಲೇ ದುಡೀಬೇಕು. ಯಾರ ಪಾಲು ಎಷ್ಟು ಅನ್ನೋದ್ರ ಮೇಲೆ ಡೇಟಾ ಎಷ್ಟು ತೆರೀಬೇಕು ಅನ್ನೋದನ್ನೂ ತೀರ್ಮಾನ ಮಾಡ್ಬಹುದಲ್ವಾ? ಶೇಕಡಾ 80 ಸಾರ್ವಜನಿಕರದ್ದಾಗಿದ್ರೆ ಜಾಸ್ತಿ ಕೇಳೋ ಹಕ್ಕಿದೆ.

ಉಗಿಮನೆ
ಗಂಟೆಗಂಟೆ ರೀಡಿಂಗ್ ಬೇಡ ಬಿಡಿ. ತಿಂಗಳ ಲೆಕ್ಕದಲ್ಲಿ ಕೊಡಿ, ಆರು ತಿಂಗಳೋ ವರ್ಷವೋ ತಡ ಮಾಡಿ ಕೊಡಿ, ಟನ್ನಿನ ಬದಲು ಮೊದಲ ವರ್ಷವನ್ನ 100 ಅಂತ ಇಟ್ಕೊಂಡು ಸೂಚ್ಯಂಕದಲ್ಲಿ ಕೊಡಿ. ಹೀಗೆ ಮಾಡಿದ್ರೆ ಗುಟ್ಟು ಉಳಿಯುತ್ತೆ, ಕಲಿಯೋಕೆ ಬೇಕಾದ್ದೂ ಸಿಗುತ್ತೆ. ನನಗೆ ಬೇಜಾರಾಗೋದು ಗುಟ್ಟಿನ ಹೆಸರಲ್ಲಿ ಎಲ್ಲವನ್ನೂ ಮುಚ್ಚಿಡೋದು. ಕಂಡೆನ್ಸೇಟ್, ಅಂದ್ರೆ ಸ್ಟೀಮ್ ತಣಿದು ಆದ ನೀರು, ಬಾಯ್ಲರಿಗೆ ಎಷ್ಟು ಪರ್ಸೆಂಟ್ ವಾಪಸ್ ಬಂತು ಅನ್ನೋದ್ರಲ್ಲಿ ಯಾವ ವ್ಯಾಪಾರ ರಹಸ್ಯ ಇದೆ ಹೇಳಿ.

ಪೈಪ್ ಲೈನ್
ಡೇಟಾ ಮುಚ್ಚಿಟ್ಟು ವಿಧಾನ ಹಂಚ್ಕೊಳ್ಳೋದೂ ಒಂದು ದಾರಿ, ಅದು ನಡೆದಿರೋ ಕಥೆನೇ ಇದೆ. ಪಿಂಚ್ ಅನಾಲಿಸಿಸ್ ಬಗ್ಗೆ ಕೆಮಿಕಲ್ ಕಡೆಯವ್ರಿಗೆ ಗೊತ್ತಿರುತ್ತೆ, ಉಳಿದವ್ರಿಗೆ ಹೇಳ್ತೀನಿ. ಒಂದು ಪ್ಲಾಂಟಲ್ಲಿ ಬಿಸಿ ಮಾಡ್ಬೇಕಾದ ಹರಿವುಗಳು ಕೆಲವು, ತಣ್ಣಗೆ ಮಾಡ್ಬೇಕಾದವು ಕೆಲವು. ಬಿಸಿಯಾಗಿರೋದ್ರ ಶಾಖವನ್ನ ತಣ್ಣಗಿರೋದಕ್ಕೆ ಕೊಟ್ರೆ ಸ್ಟೀಮೂ ಉಳಿಯುತ್ತೆ, ಕೂಲಿಂಗ್ ವಾಟರೂ ಉಳಿಯುತ್ತೆ. ಎಲ್ಲ ಹರಿವುಗಳನ್ನೂ ತಾಪಮಾನ ಮತ್ತೆ ಶಾಖದ ಗ್ರಾಫ್ ಮೇಲೆ ಒಟ್ಟುಗೂಡಿಸಿ ಎರಡು ರೇಖೆ ಎಳೆದ್ರೆ ಒಂದು ಕಡೆ ಅವು ತುಂಬ ಹತ್ತಿರ ಬರ್ತವೆ, ಅದೇ ಪಿಂಚ್. ಆ ಬಿಂದುವಿನ ಮೇಲಿಂದ ಕೆಳಗೆ ಶಾಖ ದಾಟಿಸಿದ್ರೆ ದಾಟಿಸಿದಷ್ಟೂ ಬಾಯ್ಲರಲ್ಲೂ ದಂಡ, ಕೂಲಿಂಗ್ ಟವರಲ್ಲೂ ದಂಡ. ಪೈಪ್ ಒಂದೂ ಹಾಕೋ ಮುಂಚೇನೇ ಈ ಪ್ಲಾಂಟಿಗೆ ಕನಿಷ್ಠ ಎಷ್ಟು ಶಾಖ ಬೇಕು ಅಂತ ಗೊತ್ತಾಗಿಬಿಡುತ್ತೆ, ಅದೇ ಇದ್ರ ಶಕ್ತಿ.

1970ರ ದಶಕದಲ್ಲಿ ಬೋಡೋ ಲಿನ್‌ಹಾಫ್ ಯೂನಿವರ್ಸಿಟಿಲಿ ಶುರು ಮಾಡಿದ ಕೆಲಸ ಇದು, ಆಮೇಲೆ ಅವ್ರು ಬ್ರಿಟನ್ನಿನ ಐಸಿಐ ಕೆಮಿಕಲ್ ಕಂಪನಿಗೆ ಹೋಗಿ ನಿಜವಾದ ಪ್ಲಾಂಟ್‌ಗಳ ಮೇಲೆ ಪ್ರಯೋಗ ಮಾಡಿದ್ರು, ಅಲ್ಲಿಂದ ಮ್ಯಾಂಚೆಸ್ಟರ್‌ನ ಯುಮಿಸ್ಟ್ ಯೂನಿವರ್ಸಿಟಿಗೆ ಹೋದ್ರು. ಅಲ್ಲಿ ಹಲವು ಕಂಪನಿಗಳು ಸದಸ್ಯ ಶುಲ್ಕ ಕಟ್ಟಿ ಸೇರೋ ಕನ್ಸಾರ್ಷಿಯಂ ಹುಟ್ಕೊಂಡಿತು, ವಿಧಾನ ಎಲ್ರದ್ದೂ, ಅವರವರ ಪ್ಲಾಂಟಿನ ಅಂಕಿಅಂಶ ಅವರವರದ್ದು. ಇವತ್ತು ಪ್ರಪಂಚದ ಯಾವ ರಿಫೈನರಿಗೆ ಹೋದ್ರೂ ಈ ವಿಧಾನದ ಹೆಸರು ಗೊತ್ತಿರುತ್ತೆ. ಬಾಗಿಲು ಪೂರ್ತಿ ತೆರೀದೇನೂ ಜ್ಞಾನ ಆಚೆ ಬಂತು.

ಮೀಟರ್ ಓದುಗ
ಒಪ್ಪಿದೆ, ಆದ್ರೆ ಗಣಿತದ ವಿಧಾನ ಕಾಗದದ ಮೇಲೆ ಪ್ರಯಾಣ ಮಾಡುತ್ತೆ. ಕುಲುಮೆ, ಡ್ರೈಯರ್, ಕಮ್ಮಿ ತಾಪಮಾನದ ಶಾಖವನ್ನ ಮೇಲೆತ್ತೋ ಹೀಟ್ ಪಂಪ್ ಇವೆಲ್ಲ ಹಾಗಲ್ಲ, ನಿಜವಾಗ್ಲೂ ಓಡಿದ ಗಂಟೆಗಳ ದಾಖಲೆ ಇಲ್ಲದೆ ಎರಡನೇ ಗಿರಾಕಿ ನಂಬಲ್ಲ.

ಸಣ್ಣ ಘಟಕ
ನಮಸ್ಕಾರ್ರೀ. ನೀವೆಲ್ಲಾ ರಿಫೈನರಿ, ದೊಡ್ಡ ದೊಡ್ಡ ಕಂಪನಿ ಮಾತಾಡಾಕತ್ತೀರಿ. ನಮ್ಮಂಥ ಸಣ್ಣ ಫೌಂಡ್ರಿ, ಸಣ್ಣ ಗಾಜಿನ ಕುಲುಮಿ ಇಟ್ಟವ್ರಿಗೆ ಈ ಪಾರ್ಟ್ನರ್‌ಶಿಪ್ಪಿನಾಗ ಜಾಗಾ ಎಲ್ಲೈತಿ? ನಮ್ಮ ಕಡೆ ಆರ್ ಆಂಡ್ ಡಿ ವಿಭಾಗ ಇಲ್ಲ, ಅರ್ಜಿ ಬರಿಯಾಕ ಮಂದಿ ಇಲ್ಲ, 50 ಪರ್ಸೆಂಟ್ ಪಾಲು ಹಾಕು ಅಂದ್ರ ಎಲ್ಲಿಂದ ತರೂದು. ಖರೇ ಹೇಳ್ಬೇಕಂದ್ರ ಇಂಧನ ಹೆಚ್ಚು ಪೋಲಾಗೂದು ನಮ್ಮಂಥಲ್ಲೇ, ಯಾಕಂದ್ರ ಕುಲುಮಿ ಹಳೇವು, ಅಳಿಯೂ ಸಾಮಾನು ಇಲ್ಲ.

ಆದ್ರ ಒಂದು ಛಲೋ ಉದಾಹರಣೆ ನಾನೂ ಹೇಳ್ತೀನಿ. ಉತ್ತರ ಪ್ರದೇಶದ ಫಿರೋಜಾಬಾದ್ ಗಾಜಿನ ಬಳಿ ಮಾಡೂ ಊರು ಅಂತ ಎಲ್ಲಾರಿಗೂ ಗೊತ್ತು. ಅಲ್ಲೆ ಕಲ್ಲಿದ್ದಲು ಸುಟ್ಟು ಮಡಕಿಯಾಗ ಗಾಜು ಕರಗಿಸೂ ಪಾಟ್ ಕುಲುಮಿ ಇದ್ವು. ತಾಜ್ ಮಹಲ್ ಸುತ್ತಿನ ಪ್ರದೇಶದಾಗ ಕಲ್ಲಿದ್ದಲು ಬಿಡ್ರಿ, ಗ್ಯಾಸಿಗೆ ಬರ್ರಿ, ಇಲ್ಲಂದ್ರ ಜಾಗಾ ಖಾಲಿ ಮಾಡ್ರಿ ಅಂತ 1996ರಾಗ ಸುಪ್ರೀಂ ಕೋರ್ಟ್ ಹೇಳ್ತು. ಸುಮ್ನ ಹಳೇ ಕುಲುಮಿಗೆ ಗ್ಯಾಸ್ ಬರ್ನರ್ ಹಚ್ಚಿದ್ರ ಗ್ಯಾಸ್ ಬಿಲ್ಲಿನಾಗ ಸಾಯ್ತಿದ್ರು. ಆವಾಗ ಟೇರಿ ಅನ್ನೂ ದಿಲ್ಲಿಯ ಇಂಧನ ಸಂಶೋಧನಾ ಸಂಸ್ಥಾ, ಸ್ವಿಟ್ಜರ್ಲೆಂಡ್ ಸರ್ಕಾರದ ಅಭಿವೃದ್ಧಿ ಸಂಸ್ಥಾದ ರೊಕ್ಕದಾಗ, ರಿಕ್ಯೂಪರೇಟರ್ ಇರೂ ಗ್ಯಾಸ್ ಕುಲುಮಿ ವಿನ್ಯಾಸ ಮಾಡಿ ಅಲ್ಲಿನ ಒಂದು ಘಟಕದಾಗ ಕಟ್ಟಿ ತೋರಿಸಿತು. ಹೊರಗ ಹೋಗೂ ಬಿಸಿ ಹೊಗಿಯಿಂದ ಒಳಗ ಬರೂ ಗಾಳಿ ಕಾಯಿಸೂದು, ಅಷ್ಟ. ಕಲ್ಲಿದ್ದಲ ಕುಲುಮಿಗೆ ಹೋಲಿಸಿದ್ರ ಇಂಧನ ಹತ್ತಿರಹತ್ತಿರ ಅರ್ಧಕ್ಕ ಇಳೀತು. ಮುಖ್ಯ ಮಾತು ಏನಂದ್ರ ಅದು ಒಬ್ಬನ ಕಡೆ ಉಳೀಲಿಲ್ಲ, ಊರಾಗಿನ ಬ್ಯಾರೆ ಘಟಕದವ್ರೂ ಕಣ್ಣಾರೆ ನೋಡಿ ಕಟ್ಟಿಸ್ಕೊಂಡ್ರು. ನಮ್ಮಂಥವ್ರಿಗೆ ಪಿಡಿಎಫ್ ರಿಪೋರ್ಟ್ ಬ್ಯಾಡ್ರಿ, ಹೋಗಿ ಮುಟ್ಟಿ ನೋಡೂವಂಥ ಓಡೂ ಕುಲುಮಿ ಬೇಕು.

ಲ್ಯಾಬ್ ಕಡೆಯವಳು
ಸಣ್ಣ ಘಟಕ ಅವ್ರೆ, ಇದು ಇಡೀ ಚರ್ಚೆಲಿ ನನಗೆ ತುಂಬ ಮುಖ್ಯ ಅನ್ಸಿದ್ದು. ಡೇಟಾ ತೆರೆದಿಡೋದು ಅಂದ್ರೆ ವೆಬ್‌ಸೈಟಲ್ಲಿ ಫೈಲ್ ಹಾಕೋದು ಅಂತ ನಾವು ಅಂದ್ಕೊಂಡಿದ್ದೀವಿ, ಬಾಗಿಲು ತೆರೆದು ಒಳಗೆ ಕರ್ಕೊಂಡು ಹೋಗೋದೂ ಅದ್ರಲ್ಲೇ ಬರ್ಬೇಕು. ಯುರೋಪಲ್ಲಿ ಡ್ರೈಫಿಷಿಯೆನ್ಸಿ ಅಂತ ಒಂದು ಪ್ರಾಜೆಕ್ಟ್ 2016ರಲ್ಲಿ ಶುರುವಾಯ್ತು, ಒಣಗಿಸೋ ಕೆಲಸಕ್ಕೆ ಹೆಚ್ಚಿನ ತಾಪಮಾನದ ಹೀಟ್ ಪಂಪ್. ಲ್ಯಾಬಲ್ಲೇ ಇಟ್ಕೊಳ್ಳದೆ ಆಸ್ಟ್ರಿಯಾದ ಒಂದು ಇಟ್ಟಿಗೆ ಕಾರ್ಖಾನೆ, ಒಂದು ಪಿಷ್ಟದ ಕಾರ್ಖಾನೆಯ ಉತ್ಪಾದನಾ ಲೈನಿಗೇ ಜೋಡಿಸಿದ್ರು, 160 ಡಿಗ್ರಿವರೆಗಿನ ಶಾಖ ಕೊಡೋ ಗುರಿ. ಡ್ರೈಯರಿಂದ ಆಚೆ ಹೋಗೋ ತೇವದ ಗಾಳಿಲಿ ಎಷ್ಟೊಂದು ಶಾಖ ಇರುತ್ತೆ, ತಾಪಮಾನ ಕಮ್ಮಿ ಅಂತ ಎಲ್ರೂ ಬಿಟ್ಟುಬಿಡ್ತಾರೆ. ಅದನ್ನ ಮೇಲೆತ್ತಿ ವಾಪಸ್ ಅದೇ ಡ್ರೈಯರಿಗೆ ಕೊಡೋದು. ಇಂಥದ್ದನ್ನ ಒಬ್ಬ ಡ್ರೈಯರ್ ಮಾಲೀಕ ತನ್ನ ರಿಸ್ಕಲ್ಲಿ ಮೊದಲನೆಯವನಾಗಿ ಮಾಡಲ್ಲ, ಸಾರ್ವಜನಿಕ ದುಡ್ಡಿಗೆ ಸರಿಯಾದ ಜಾಗ ಇದು.

ಹೊಸ ಇಂಜಿನಿಯರ್
ಒಂದು ಡೌಟ್. ಅಲ್ಯೂಮಿನಿಯಂ, ಸ್ಟೀಲ್ ಕಡೆ ದೊಡ್ಡ ದೊಡ್ಡ ಪಾಲುದಾರಿಕೆ ನಡೀತಿದೆಯಲ್ಲ, 2018ರಲ್ಲಿ ಆಲ್ಕೋವಾ, ರಿಯೋ ಟಿಂಟೋ, ಕೆನಡಾ ಸರ್ಕಾರ, ಕ್ವಿಬೆಕ್ ಸರ್ಕಾರ, ಆಪಲ್ ಸೇರಿ ಮಾಡಿದ ಎಲಿಸಿಸ್ ಅನ್ನೋ ಅಲ್ಯೂಮಿನಿಯಂ ಕಂಪನಿ, ಸ್ವೀಡನ್ನಿನ ಹೈಬ್ರಿಟ್ ಸ್ಟೀಲ್ ಪ್ರಾಜೆಕ್ಟ್, ಇವೆಲ್ಲಾ ಇಂಧನ ದಕ್ಷತೆ ಲೆಕ್ಕಕ್ಕೇ ಬರುತ್ತಾ?

ಪೈಪ್ ಲೈನ್
ಒಳ್ಳೆ ಪ್ರಶ್ನೆ, ಇಲ್ಲಿ ತುಂಬ ಜನ ಎರಡು ಬೇರೆಬೇರೆ ವಿಷಯ ಕಲಸಿಬಿಡ್ತಾರೆ. ಕರೆಂಟ್ ಹಾಯಿಸಿ ಲೋಹ ತೆಗೆಯೋ ಈಗಿನ ಅಲ್ಯೂಮಿನಿಯಂ ಸೆಲ್ಲಲ್ಲಿ ಒಂದು ಕಿಲೋಗೆ 13ರಿಂದ 15 ಯೂನಿಟ್ ಕರೆಂಟ್ ಬೇಕು, ಸಿದ್ಧಾಂತದ ಕನಿಷ್ಠ ಸುಮಾರು 6. ಅಂದ್ರೆ ದಕ್ಷತೆ ಸುಧಾರಿಸೋಕೆ ಜಾಗ ಇದೆ. ಆದ್ರೆ ಎಲಿಸಿಸ್ ಮಾಡೋಕೆ ಹೊರಟಿರೋದು ಸೆಲ್ಲಿನ ಧನ ವಿದ್ಯುದ್ವಾರ ಆಗಿರೋ ಕಾರ್ಬನ್ ಆನೋಡ್ ತೆಗೆದು ಉರಿಯದ ಜಡ ಆನೋಡ್ ಹಾಕೋದು, ಆಗ ಇಂಗಾಲದ ಡೈಆಕ್ಸೈಡ್ ಬದಲು ಆಕ್ಸಿಜನ್ ಬರುತ್ತೆ. ಕಾರ್ಬನ್ ಆನೋಡ್ ತಾನು ಉರಿದು ರಾಸಾಯನಿಕ ಶಕ್ತಿ ಕೊಡ್ತಿತ್ತು, ಅದು ಹೋದ್ರೆ ವಿಭಜನೆಗೆ ಬೇಕಾದ ಕನಿಷ್ಠ ವೋಲ್ಟೇಜ್ ಸುಮಾರು 1.2ರಿಂದ 2.2ಕ್ಕೆ ಏರುತ್ತೆ. ಸೆಲ್ಲಿನ ವಿನ್ಯಾಸದಲ್ಲಿ ಬೇರೆ ಕಡೆ ನಷ್ಟ ಕಮ್ಮಿ ಮಾಡದಿದ್ರೆ ಕರೆಂಟ್ ಜಾಸ್ತೀನೇ ಬೇಕಾಗುತ್ತೆ. ಕಲ್ಲಿದ್ದಲ ಬದಲು ಹೈಡ್ರೋಜನ್ ಬಳಸಿ ಮಾಡೋ ಸ್ಟೀಲೂ ಹಾಗೇ, ಎಸ್ಎಸ್ಎಬಿ, ಎಲ್‌ಕೆಎಬಿ, ವ್ಯಾಟನ್‌ಫಾಲ್ ಅನ್ನೋ ಮೂರು ಕಂಪನಿ 2016ರಲ್ಲಿ ಹೈಬ್ರಿಟ್ ಶುರು ಮಾಡಿ 2020ರಲ್ಲಿ ಲೂಲಿಯೋದಲ್ಲಿ ಪೈಲಟ್ ಪ್ಲಾಂಟ್ ನಡೆಸಿದ್ದು ಇಂಗಾಲದ ಹೊಗೆ ತಪ್ಪಿಸೋಕೆ, ಹೈಡ್ರೋಜನ್ ಮಾಡೋಕೆ ಕರೆಂಟ್ ಸುರೀಬೇಕು. ಎರಡೂ ಬೇಕಾದ ಸಂಶೋಧನೆಗಳೇ, ನಾನು ಕಡಿಮೆ ಮಾಡಿ ಹೇಳ್ತಿಲ್ಲ. ಆದ್ರೆ ದಕ್ಷತೆ ಹೆಸರಲ್ಲಿ ಇಟ್ಟ ಬಜೆಟ್ಟನ್ನ ಅದಕ್ಕೆ ಕೊಟ್ಬಿಟ್ರೆ ಡ್ರೈಯರು, ಮೋಟರು, ಸ್ಟೀಮು ಇವಕ್ಕೆ ಏನೂ ಉಳಿಯಲ್ಲ, ಅದು ಆಗ್ಬಾರ್ದು.

ಲೆಕ್ಕ ಪಕ್ಕಾ
ಸರಿ, ಸಾರ್ವಜನಿಕ ದುಡ್ಡು ಬೇಕು ಅನ್ನೋದು ಒಪ್ಕೊಂಡೇ ಕೇಳ್ತೀನಿ. ಮೋಟರಿಗೆ ಸಂಶೋಧನೆ ಯಾಕೆ? ಫ್ಯಾನ್ ವೇಗ 20 ಪರ್ಸೆಂಟ್ ಇಳಿಸಿದ್ರೆ ಪವರ್ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಪವರ್ ವೇಗದ ಘನಕ್ಕೆ ತಕ್ಕಂತೆ ಬದಲಾಗೋ ಘನ ನಿಯಮ, ಕಾಲೇಜಲ್ಲೇ ಓದಿದ್ದು. ಕಂಪ್ರೆಸ್ಡ್ ಏರ್‌ಲಿ 20ರಿಂದ 30 ಪರ್ಸೆಂಟ್ ಲೀಕಲ್ಲೇ ಹೋಗೋ ಪ್ಲಾಂಟ್‌ಗಳು ಎಷ್ಟು ಬೇಕಾದ್ರೂ ಇವೆ, ಅದಕ್ಕೆ ಬೇಕಾದ್ದು ಸ್ಪ್ಯಾನರ್ ಮತ್ತೆ ಶ್ರದ್ಧೆ.

ಮೀಟರ್ ಓದುಗ
ನಿಜ, ಲೀಕಿಗೆ ವಿಜ್ಞಾನಿ ಬೇಡ. ಅದಕ್ಕೆ ಬೇರೆ ಥರದ ಜೊತೆಗಾರಿಕೆ ಕೆಲಸ ಮಾಡುತ್ತೆ. 1987ರಲ್ಲಿ ಜ್ಯೂರಿಕ್‌ನಲ್ಲಿ ಕೆಲವು ಕಂಪನಿಗಳು ಕಲಿಕಾ ಜಾಲ ಅಂತ ಕಟ್ಕೊಂಡ್ವು, ಅದು ಜರ್ಮನಿಗೆ ಹೋಗಿ ಫ್ರೌನ್‌ಹೋಫರ್ ಸಂಶೋಧಕರ ಕೈಲಿ ಒಂದು ಪದ್ಧತಿ ಆಯ್ತು. ಹತ್ತು ಹದಿನೈದು ಕಂಪನಿ ಸೇರೋದು, ಮೊದಲು ಎಲ್ರ ಆಡಿಟ್, ಆಮೇಲೆ ಗುಂಪಿಗೆಲ್ಲ ಸೇರಿ ಒಂದು ಗುರಿ, ಅವರವರ ಪ್ಲಾಂಟಲ್ಲಿ ಸರದಿ ಮೇಲೆ ಸಭೆ, ವರ್ಷಕ್ಕೊಮ್ಮೆ ಅಳತೆ. 2014ರಲ್ಲಿ ಜರ್ಮನ್ ಸರ್ಕಾರ ಮತ್ತೆ ಉದ್ಯಮ ಸಂಘಗಳು ಸೇರಿ 2020ರೊಳಗೆ ಇಂಥ 500 ಜಾಲ ಮಾಡ್ಬೇಕು ಅಂತ ಗುರಿ ಇಟ್ಟವು. ಗುಂಪಿನೊಳಗೆ ಅಂಕಿಅಂಶ ಮುಕ್ತ, ಹೊರಗೆ ಒಟ್ಟು ಮೊತ್ತ ಮಾತ್ರ. ಸಣ್ಣ ಘಟಕದವ್ರಿಗೆ ಇದು ಹೊಂದುತ್ತೆ ಅನ್ಸುತ್ತೆ, ಅರ್ಜಿ ಬರೆಯೋ ಕೆಲಸ ಜಾಲದ ಸಂಚಾಲಕರದ್ದು.

ಆದ್ರೆ ಉಗಿಮನೆ ಎತ್ತಿದ ಅಳತೆ ವಿಷಯಕ್ಕೆ ಬರ್ತೀನಿ, ಅಲ್ಲೇ ಹೆಚ್ಚು ಜನ ಎಡವೋದು. ಒಂದು ಪ್ಲಾಂಟ್ ಇದೆ ಅಂದ್ಕೊಳ್ಳಿ, ಉತ್ಪಾದನೆ ಇರಲಿ ಬಿಡಲಿ ದಿನಕ್ಕೆ 1000 ಯೂನಿಟ್ ಬೇಕೇಬೇಕು, ಅದ್ರ ಮೇಲೆ ಟನ್ನಿಗೆ 50 ಯೂನಿಟ್. 100 ಟನ್ ತೆಗೆದ ದಿನ ಒಟ್ಟು 6000, ಟನ್ನಿಗೆ 60. ಈಗ ಸಂಶೋಧನೆ ಮಾಡಿ ಆ 50ನ್ನ 45ಕ್ಕೆ ಇಳಿಸಿದ್ರಿ, ಒಳ್ಳೆ ಕೆಲಸ. ಆದ್ರೆ ಮಾರ್ಕೆಟ್ ಬಿದ್ದು ಉತ್ಪಾದನೆ 50 ಟನ್ನಿಗೆ ಬಂತು, ಒಟ್ಟು 3250, ಟನ್ನಿಗೆ 65. ಬರೀ ಟನ್ನಿನ ಲೆಕ್ಕ ನೋಡಿದವ್ನು ಪ್ರಾಜೆಕ್ಟ್ ಫೇಲ್ ಅಂತಾನೆ. ಉಲ್ಟಾನೂ ಆಗುತ್ತೆ, ಏನೂ ಮಾಡದೆ ಉತ್ಪಾದನೆ ಏರಿದ್ರೆ ಉಳಿತಾಯ ಆದ ಹಾಗೆ ಕಾಣುತ್ತೆ, ಅದನ್ನೇ ರಿಪೋರ್ಟಲ್ಲಿ ಹಾಕ್ಕೊಳ್ಳೋರೂ ಇದಾರೆ. ಅದಕ್ಕೇ ಬೇಸ್‌ಲೈನ್, ಅಂದ್ರೆ ಹೋಲಿಕೆಗೆ ಇಟ್ಕೊಳ್ಳೋ ಮುಂಚಿನ ಬಳಕೆ, ಒಂದು ಸಂಖ್ಯೆ ಅಲ್ಲ, ಒಂದು ಸಮೀಕರಣ. ಅದನ್ನ ಕೆಲಸ ಶುರುವಾಗೋ ಮುಂಚೆ ಇಬ್ರೂ ಕೂತು ಬರೀಬೇಕು, ಐಎಸ್ಒ 50001 ಅನ್ನೋ ಇಂಧನ ನಿರ್ವಹಣೆ ಮಾನದಂಡದ ಪ್ರಕಾರ ನಡೆಯೋ ಪ್ಲಾಂಟ್‌ಗೆ ಇದು ಹೊಸದೇನಲ್ಲ. ಮುಗಿದ ಮೇಲೆ ಬರೆದ ಬೇಸ್‌ಲೈನನ್ನ ನಾನು ನಂಬಲ್ಲ.

ಕೋಕ್ ಬಿಸಿ
ಬಹಳ ದಿನದಿಂದ ಓದ್ತಾ ಇದೀನಿ, ಇವತ್ತು ಬರೀಲೇಬೇಕು ಅನ್ಸಿತು. ನಾನು ನೋಡಿದ ಒಂದು ಪ್ರಾಜೆಕ್ಟ್, ಯಾರು ಏನು ಅಂತ ಹೇಳಲ್ಲ. ಕುಲುಮೆಯ ಹೊಗೆಯಿಂದ ಶಾಖ ತೆಗೆಯೋಕೆ ಹೀಟ್ ಎಕ್ಸ್‌ಚೇಂಜರ್ ಹಾಕಿದ್ರು, ಅರ್ಧ ಖರ್ಚು ಸಾರ್ವಜನಿಕ ದುಡ್ಡು. ಶುರುವಿನ ವಾರಗಳಲ್ಲಿ ಅಳೆದು ಯಶಸ್ವಿ ಅಂತ ರಿಪೋರ್ಟ್ ಬರೆದ್ರು, ಅಳೆದಿದ್ದೂ ಸುಳ್ಳಲ್ಲ. ಆಮೇಲೆ ಟ್ಯೂಬುಗಳ ಮೇಲೆ ಅಂಟು ಧೂಳು ಕೂತು ಶಾಖ ದಾಟೋದು ಕಮ್ಮಿ ಆಗ್ತಾ ಬಂತು. ಇಂಧನದಲ್ಲಿ ಗಂಧಕ ಇತ್ತು, ಹೊಗೆಯನ್ನ ಆಮ್ಲದ ಡ್ಯೂ ಪಾಯಿಂಟಿಗಿಂತ, ಅಂದ್ರೆ ಆಮ್ಲ ಹನಿಯಾಗೋ ತಾಪಮಾನಕ್ಕಿಂತ, ಕೆಳಗೆ ತಣಿಸಿದ್ರಿಂದ ತಣ್ಣನೆ ತುದಿಲಿ ಸಲ್ಫ್ಯೂರಿಕ್ ಆಮ್ಲ ಇಳಿದು ಲೋಹ ತಿಂದುಹಾಕಿತು. ಕೊನೆಗೆ ಬೈಪಾಸ್ ಮಾಡಿ ಬಿಚ್ಚಿಟ್ರು. ರಿಪೋರ್ಟ್ ಮಾತ್ರ ಇವತ್ತಿಗೂ ಯಶಸ್ವಿ ಅಂತ್ಲೇ ಇದೆ. ಅದನ್ನ ಓದಿ ಇನ್ನೊಂದು ಪ್ಲಾಂಟಿನವ್ರು ಅದೇ ವಿನ್ಯಾಸ ಹಾಕಿಸ್ಕೊಂಡ್ರು, ಅದೇ ಗತಿ ಆಯ್ತು. ಮೊದಲ ಪ್ಲಾಂಟಿನ ಹೊಗೆಯ ತಾಪಮಾನ ಮತ್ತೆ ಪ್ರೆಷರ್ ಡ್ರಾಪ್ (ಒಳಹೋಗೋ, ಹೊರಬರೋ ಕಡೆಯ ಒತ್ತಡದ ವ್ಯತ್ಯಾಸ) ತಿಂಗಳಿಗೊಂದ್ಸಲ ಪ್ರಕಟ ಆಗಿದ್ರೆ ಆರನೇ ತಿಂಗಳಲ್ಲೇ ಎಲ್ರಿಗೂ ಗೊತ್ತಾಗ್ತಿತ್ತು. ದುಡ್ಡು ಹೋಗಿದ್ದಕ್ಕಿಂತ ನನಗೆ ಹೊಟ್ಟೆ ಉರಿಯೋದು ಅದಾದ ಮೇಲೆ ಆ ಸುತ್ತಿನಲ್ಲಿ ಯಾರೂ ಶಾಖ ಮರುಬಳಕೆ ಅನ್ನೋ ಮಾತೇ ಕೇಳೋಕೆ ತಯಾರಿಲ್ಲ.

ಉಗಿಮನೆ
ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದೆ. ಸೋತ ಡೇಟಾ ಗೆದ್ದ ಡೇಟಾದಷ್ಟೇ ಬೇಕು. ಪ್ರಾಜೆಕ್ಟ್ ಮುಗಿಯೋ ತಾರೀಕಿಗೆ ಅಳತೆ ನಿಲ್ಲಿಸ್ಬಾರ್ದು, ಎರಡು ವರ್ಷವಾದ್ರೂ ಮುಂದುವರೀಬೇಕು.

ಲ್ಯಾಬ್ ಕಡೆಯವಳು
ಆ ಎರಡು ವರ್ಷದ ಖರ್ಚು ಯಾರದ್ದು ಅನ್ನೋದೇ ನಿಜವಾದ ಸಮಸ್ಯೆ. ಪ್ರಾಜೆಕ್ಟ್ ಮುಗಿದ ದಿನ ನಮ್ಮ ಸಂಶೋಧಕರ ಸಂಬಳಾನೂ ಮುಗಿಯುತ್ತೆ, ಅವ್ರು ಬೇರೆ ಕೆಲಸಕ್ಕೆ ಹೋಗ್ತಾರೆ, ಸೆನ್ಸರ್ ಕೆಟ್ರೆ ನೋಡೋರು ಇರಲ್ಲ. ಕಂಪನಿಗೂ ಅದ್ರಲ್ಲಿ ಆಸಕ್ತಿ ಹೋಗಿರುತ್ತೆ.

ಲೆಕ್ಕ ಪಕ್ಕಾ
ಅದಕ್ಕೆ ಕಟ್ಟಡ ಕಾಮಗಾರಿಲಿ ದಾರಿ ಇದೆ, ಪೂರ್ತಿ ದುಡ್ಡು ಕೊಡಲ್ಲ, ಒಂದು ಪಾಲು ಹಿಡಿದಿಟ್ಕೊಂಡು ದೋಷ ಹೊಣೆ ಅವಧಿ ಮುಗಿದ ಮೇಲೆ ಕೊಡ್ತಾರೆ. ಅನುದಾನದಲ್ಲೂ ಹಾಗೇ ಮಾಡಿ. ಕೊನೇ ಕಂತು ಎರಡನೇ ವರ್ಷದ ರೀಡಿಂಗ್ ಕೈಗೆ ಬಂದ ಮೇಲೆ, ರೀಡಿಂಗ್ ಚೆನ್ನಾಗಿರ್ಲಿ ಕೆಟ್ಟದಾಗಿರ್ಲಿ. ಫಲಿತಾಂಶಕ್ಕೆ ಕಟ್ಟಿದ್ರೆ ಸಂಖ್ಯೆ ತಿದ್ದೋಕೆ ಶುರು ಮಾಡ್ತಾರೆ, ಅಳತೆಗೆ ಮಾತ್ರ ಕಟ್ಟಿ.

ಸಣ್ಣ ಘಟಕ
ಇದು ಛಲೋ ಐತಿ. ಆದ್ರ ನಮ್ಮಂಥವ್ರಿಗೆ ಕೊನೇ ಕಂತು ಎರಡು ವರ್ಷ ತಡಾ ಅಂದ್ರ ಕಷ್ಟ ಆಗ್ತೈತಿ. ದೊಡ್ಡವ್ರಿಗೆ ಆ ನಿಯಮ ಇರ್ಲಿ, ಸಣ್ಣವ್ರಿಗೆ ಮೀಟರು ಸಂಸ್ಥಾದವ್ರದ ಇರ್ಲಿ, ಅವ್ರ ಇಟ್ಟು ಅವ್ರ ಓದ್ಲಿ. ಓದಿದ್ದು ಮೊದ್ಲ ನಮಗ ಕನ್ನಡದಾಗ ತಿಳಿಸಿ ಹೇಳ್ಬೇಕು.

ಮೀಟರ್ ಓದುಗ
ಆಗ್ಬಹುದು, ಆದ್ರೆ ಸ್ಟೀಮ್ ಫ್ಲೋ ಮೀಟರ್ ಆದ್ರೆ ಹುಷಾರು. ತೇವದ ಸ್ಟೀಮಲ್ಲಿ ತೂತಿನ ತಟ್ಟೆ ಇಟ್ಟು ಅಳೆಯೋ ಓರಿಫಿಸ್ ಮೀಟರ್ ತಪ್ಪು ತೋರಿಸುತ್ತೆ, ಪ್ರೆಷರ್ ಕರೆಕ್ಷನ್ ಇಲ್ದಿದ್ರೆ ಇನ್ನೂ ತಪ್ಪು. ಶುರುವಲ್ಲೊಂದು ಸಲ, ಆಮೇಲೆ ಪ್ರತಿ ವರ್ಷ ಕ್ಯಾಲಿಬ್ರೇಷನ್ (ಮೀಟರ್ ಸರಿ ತೋರಿಸುತ್ತಾ ಅನ್ನೋ ಪರೀಕ್ಷೆ) ಅಂತ ಬಜೆಟಲ್ಲಿ ಬೇರೆ ಸಾಲು ಹಾಕಿಸಿ. ಬಾಯ್ಲರಿಗೆ ಹೋಗೋ ನೀರಿನ ಮೀಟರ್ ಜೊತೆ ತಾಳೆ ನೋಡಿ, ಬ್ಲೋಡೌನ್, ಅಂದ್ರೆ ಬಾಯ್ಲರಿಂದ ಆಚೆ ಬಿಡೋ ಕೊಳೆ ನೀರು, ಕಳೆದ ಮೇಲೂ ಎರಡಕ್ಕೂ ತುಂಬ ವ್ಯತ್ಯಾಸ ಬಂದ್ರೆ ಮೊದ್ಲು ಅದನ್ನ ಸರಿ ಮಾಡ್ಕೊಳ್ಳಿ, ಆಮೇಲೆ ಬೇಸ್‌ಲೈನ್.

ಉಗಿಮನೆ
ಫೀಡ್ ವಾಟರ್ ಮೀಟರ್ ಇದೆ, ಬ್ಲೋಡೌನಿಗೆ ಇಲ್ಲ. ಅದನ್ನ ಈ ವಾರಾನೇ ಹಾಕಿಸೋಕೆ ಕೇಳ್ತೀನಿ. ಕೊನೇ ಕಂತಿನ ಷರತ್ತು, ತಿಂಗಳ ಸೂಚ್ಯಂಕ, ನೋಡೋಕೆ ಬರೋರಿಗೆ ಬಾಗಿಲು ತೆರೆಯೋದು, ಮೂರನ್ನೂ ಅಗ್ರಿಮೆಂಟಿನ ಕರಡಲ್ಲಿ ಸೇರಿಸಿ ನಮ್ಮ ಲೀಗಲ್ ಕಡೆ ಕಳಿಸ್ತೀನಿ. ಲ್ಯಾಬ್ ಕಡೆಯವ್ರೆ, ಬೇಸ್‌ಲೈನ್ ಸಮೀಕರಣಕ್ಕೆ ಹಿಂದಿನ ಎಷ್ಟು ತಿಂಗಳ ಡೇಟಾ ತೆಗೆದಿಡ್ಲಿ?

ಲ್ಯಾಬ್ ಕಡೆಯವಳು
ಕನಿಷ್ಠ ಹನ್ನೆರಡು, ಎಲ್ಲ ಋತು ಬರ್ಬೇಕು. ಪ್ಲಾಂಟ್ ಪೂರ್ತಿ ನಿಂತಿದ್ದ ದಿನಗಳನ್ನ ಡಿಲೀಟ್ ಮಾಡ್ಬೇಡಿ, ಗುರುತು ಹಾಕಿ ಇಡಿ, ಉತ್ಪಾದನೆ ಇಲ್ದಿದ್ರೂ ಬೇಕಾಗೋ ಆ ಸ್ಥಿರ ಲೋಡ್ ಎಷ್ಟು ಅಂತ ಗೊತ್ತಾಗೋದೇ ಅವುಗಳಿಂದ.